ಎರಡೂವರೆ ಸಾವಿರದ ಸ್ಮಾರ್ಟ್‌ವಾಚ್: ಯಾವ ಅಂಕಿ ನಂಬಬಹುದು, ಯಾವುದು ಬೇಡ

ಪ್ರಶ್ನೆ (ದಾವಣಗೆರೆ): ಸರ್, ಅಪ್ಪನಿಗೆ 58 ವರ್ಷ. ದಿನಾ ಬೆಳಗ್ಗೆ ವಾಕಿಂಗ್ ಹೋಗ್ತಾರೆ, ಬಿಪಿ ಮಾತ್ರೆ ತಗೊಳ್ತಾರೆ. ಅವರಿಗೊಂದು ಸ್ಮಾರ್ಟ್‌ವಾಚ್ ಕೊಡಿಸೋಣ ಅಂತಿದ್ದೀನಿ, ಬಜೆಟ್ 2,500. ನಂಗೆ ಅರ್ಥ ಆಗದೇ ಇರೋದು ಇದು: 1,300 ರೂಪಾಯಿ ವಾಚಲ್ಲಿ ಬಿಪಿ, ಇಸಿಜಿ, ಶುಗರ್, ಆಕ್ಸಿಜನ್ ಎಲ್ಲಾ ಇದೆ ಅಂತ ಬರೆದಿರ್ತಾರೆ. 2,500ರದ್ದರಲ್ಲಿ ಅದರ ಅರ್ಧವೂ ಇರಲ್ಲ. ಯಾವುದು ತಗೊಳ್ಳಲಿ?

ಉತ್ತರ (ವಾಚ್ ಸೆನ್ಸರ್‌ಗಳ ಪರೀಕ್ಷಾ ಎಂಜಿನಿಯರ್): ಪಟ್ಟಿ ಉದ್ದ ಇದ್ದಷ್ಟೂ ಅನುಮಾನ ಜಾಸ್ತಿ ಇರಲಿ. ಡಬ್ಬಿ ಮೇಲೆ ಬರೆದದ್ದು ಬಿಡಿ, ವಾಚನ್ನು ಮಗುಚಿ ಅದರ ಬೆನ್ನು ನೋಡಿ. ಅಲ್ಲಿರುವ ಸೆನ್ಸರ್ ಏನನ್ನು ಅಳೆಯಬಲ್ಲದೋ ಅಷ್ಟೇ ನಿಜವಾದ ಅಳತೆ. ಮಿಕ್ಕಿದ್ದು ಆ್ಯಪ್ ಲೆಕ್ಕ ಹಾಕಿ ತೋರಿಸುವ ಅಂಕಿ.

ಹಸಿರು ಎಲ್‌ಇಡಿ, ಅದರ ಪಕ್ಕದಲ್ಲೊಂದು ಚಿಕ್ಕ ಕಪ್ಪು ಚೌಕ ಇದ್ದರೆ ಅದು ನಾಡಿಮಿಡಿತಕ್ಕೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ನಾಳಗಳಿಗೆ ರಕ್ತ ನುಗ್ಗಿ, ವಾಪಸ್ ಬರುವ ಬೆಳಕು ಒಂದು ಚೂರು ತಗ್ಗುತ್ತದೆ. ಆ ಏರಿಳಿತವನ್ನು ಕಪ್ಪು ಚೌಕದಲ್ಲಿರುವ ಫೋಟೊಡಯೋಡ್ ಎಣಿಸುತ್ತದೆ. ಅಗ್ಗದ ವಾಚಿನಲ್ಲೂ ಇದು ಕೂತಿದ್ದಾಗ ಸಾಕಷ್ಟು ಸರಿಯಾಗಿಯೇ ಬರುತ್ತದೆ.

ಆಕ್ಸಿಜನ್ ಅಳೆಯಲು ಕೆಂಪು ಮತ್ತು ಇನ್‌ಫ್ರಾರೆಡ್ ಎರಡೂ ಬೆಳಕು ಬೇಕು. ಆಕ್ಸಿಜನ್ ಅಳತೆ ಶುರು ಮಾಡಿ, ವಾಚಿನ ಒಂದು ಬದಿಯನ್ನು ಸ್ವಲ್ಪ ಎತ್ತಿ ಇಣುಕಿ. ಕೆಂಪು ಕಾಣಬೇಕು. ಇನ್‌ಫ್ರಾರೆಡ್ ಕಣ್ಣಿಗೆ ಕಾಣದು, ಆದರೆ ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಬಹಳಷ್ಟು ಸಲ ಮಸುಕು ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಬರೀ ಹಸಿರು ಮಿನುಗುತ್ತಾ ಪರದೆ ಮೇಲೆ "98%" ಬಂದರೆ ಆ ಅಂಕಿ ಲೆಕ್ಕಕ್ಕಿಲ್ಲ.

ಇಸಿಜಿ ಎಂದರೆ ಎರಡೂ ಕೈಗಳ ನಡುವಿನ ವಿದ್ಯುತ್ ಸಂಕೇತ. ಒಂದು ಲೋಹದ ಭಾಗ ವಾಚಿನ ಬೆನ್ನಿಗೆ, ಇನ್ನೊಂದು ಮೇಲ್ಗಡೆ ಅಥವಾ ಪಕ್ಕದ ಗುಂಡಿಯಲ್ಲಿ ಇದ್ದು, ಅದನ್ನು ಇನ್ನೊಂದು ಕೈಯ ಬೆರಳಿಂದ ಮುಟ್ಟಬೇಕು. ಮುಟ್ಟಲು ಹೇಳದೆಯೇ ಗೆರೆ ಓಡಿಸುವ ವಾಚ್ ತೋರಿಸುವುದು ಇಸಿಜಿ ಅಲ್ಲ, ಚಿತ್ರ.

ಬಿಪಿ ವಿಚಾರ ನಿಮ್ಮ ಮನೆಗೆ ಮುಖ್ಯ, ಹಾಗಾಗಿ ಬಿಡಿಸಿ ಹೇಳ್ತೀನಿ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬದೆ ವಾಚ್ ತೋರಿಸುವ ಬಿಪಿ ನಾಡಿಯ ಅಲೆಯ ಆಕಾರ ನೋಡಿ ಮಾಡಿದ ಅಂದಾಜು. ಸ್ಯಾಮ್‌ಸಂಗ್ ಗ್ಯಾಲಕ್ಸಿಯಂಥ ದುಬಾರಿ ವಾಚಿನಲ್ಲೂ ಈ ಸೌಲಭ್ಯ ಇರುವ ಕಡೆ, 28 ದಿನಕ್ಕೊಮ್ಮೆ ತೋಳಿನ ಬಿಪಿ ಮಿಷನ್ ಇಟ್ಟುಕೊಂಡು ಹೊಂದಿಸಲೇಬೇಕು. ಅಗ್ಗದ ವಾಚಿನಲ್ಲಿ ಅದೂ ಇಲ್ಲ. ಅಂಗಡಿಯಲ್ಲೇ ನೋಡುವ ದಾರಿ ಒಂದಿದೆ: ಆ್ಯಪ್‌ನಲ್ಲಿ ವಯಸ್ಸು 58 ಎಂದು ಹಾಕಿ ಬಿಪಿ ನೋಡಿ, ಆಮೇಲೆ 22 ಎಂದು ಬದಲಿಸಿ ಅದೇ ಕೈಯಲ್ಲಿ ನೋಡಿ. ಅಂಕಿ ಗಮನಕ್ಕೆ ಬರುವಷ್ಟು ಇಳಿದರೆ ಅದು ಅಪ್ಪನ ರಕ್ತದೊತ್ತಡ ಅಲ್ಲ, ನೀವು ತುಂಬಿದ ವಯಸ್ಸಿನಿಂದ ಬಂದದ್ದು. ಇದನ್ನು ನೋಡಿ ಮಾತ್ರೆ ಬಿಡುವುದು, ಹೆಚ್ಚು ಮಾಡುವುದು ದಯವಿಟ್ಟು ಬೇಡ. ತೋಳಿಗೆ ಕಟ್ಟುವ ಬಿಪಿ ಮಿಷನ್ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಎರಡರಲ್ಲಿ ಒಂದೇ ಕೊಳ್ಳಲು ಸಾಧ್ಯವಿದ್ದರೆ ಅಪ್ಪನಿಗೆ ಅದನ್ನೇ ಕೊಡಿಸಿ.

ಸೂಜಿ ಚುಚ್ಚದೆ ಶುಗರ್ ಅಳೆಯುತ್ತೇವೆ ಎನ್ನುವ ವಾಚು, ಉಂಗುರ ಯಾವುದನ್ನೂ ಬಳಸಬೇಡಿ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಶುಗರ್ ತೋರಿಸುವ ವಾಚನ್ನು ಅಲ್ಲಿಗೇ ಪಟ್ಟಿಯಿಂದ ತೆಗೆಯಿರಿ.

ಹಾಗಾಗಿ 2,500ರಲ್ಲಿ ನೋಡಬೇಕಾದ್ದು: ನಾಡಿ, ಹೆಜ್ಜೆ, ಬಿಸಿಲಲ್ಲಿ ಓದಲು ಬರುವ ಪರದೆ (ಅಮೋಲೆಡ್ ಥರದ ಪರದೆ, ಹೊಳಪು ಕನಿಷ್ಠ 500-600 ನಿಟ್ಸ್), ಎಲ್ಲ ಕಡೆ ಸಿಗುವ 20 ಅಥವಾ 22 ಮಿ.ಮೀ. ಸ್ಟ್ರಾಪ್. ವಾಚಿನ ಮೇಲೋ ಡಬ್ಬಿಯಲ್ಲೋ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, "ಆರ್" ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಸ್ಮಾರ್ಟ್‌ವಾಚಿಗೆ ನಮ್ಮಲ್ಲಿ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಬರುತ್ತದೆ. ಬಾರದಿದ್ದರೆ ಕೊಳ್ಳಬೇಡಿ, ಏಕೆಂದರೆ ಇದು ಮುಖ್ಯವಾಗಿ ಬ್ಯಾಟರಿ, ಚಾರ್ಜಿಂಗ್ ಸುರಕ್ಷತೆಯ ನೋಂದಣಿ. "ಎಂಆರ್‌ಪಿ 7,999, ನಿಮಗೆ 1,499" ಎಂಬ ರಿಯಾಯಿತಿಯ ಮಾತಿಗೆ ಮರುಳಾಗಬೇಡಿ.

ಉತ್ತರ (ಫಿಸಿಯೋಥೆರಪಿಸ್ಟ್): ಇದಕ್ಕೊಂದು ಮಾತು ಸೇರಿಸ್ತೀನಿ. ಅಪ್ಪ ತಗೊಳ್ಳುವ ಬಿಪಿ ಮಾತ್ರೆ ಯಾವುದು ನೋಡಿ. ಅಟೆನಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ (ಹೃದಯದ ಬಡಿತ ತಗ್ಗಿಸುವ ಮಾತ್ರೆ) ಆಗಿದ್ದರೆ ಎಷ್ಟು ಬಿರುಸಾಗಿ ನಡೆದರೂ ನಾಡಿ ಹೆಚ್ಚು ಏರುವುದಿಲ್ಲ. ಅಂಥವರಿಗೆ ವಾಚಿನ "ಫ್ಯಾಟ್ ಬರ್ನ್", "ಕಾರ್ಡಿಯೊ" ಎಂಬ ನಾಡಿಯ ವಲಯಗಳು ಹೊಂದುವುದಿಲ್ಲ. ಆ ಅಂಕಿ ಮುಟ್ಟಲೇಬೇಕು ಎಂದು ಓಡಿದರೆ ತೊಂದರೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಆ ಮಾತ್ರೆ ಇಲ್ಲದಿದ್ದರೆ ಲೆಕ್ಕ ಹೀಗೆ: 208ರಿಂದ ವಯಸ್ಸಿನ 0.7 ಪಟ್ಟು ಕಳೆಯಿರಿ. 58ಕ್ಕೆ ಗರಿಷ್ಠ ನಾಡಿ ಸುಮಾರು 167. ಮಧ್ಯಮ ಶ್ರಮ ಅದರ 64ರಿಂದ 76%, ಅಂದರೆ 107ರಿಂದ 127. ವಾರಕ್ಕೆ 150 ನಿಮಿಷ ಈ ಮಟ್ಟದಲ್ಲಿ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಪೂರೈಸಿದಂತೆ.

ಪ್ರಶ್ನೆ (ಮೈಸೂರು): ನಡೆಯುವಾಗ 105-110 ತೋರಿಸುತ್ತೆ, ಸರಿ. ಓಡೋಕೆ ಶುರು ಮಾಡಿದ ಎರಡೇ ನಿಮಿಷಕ್ಕೆ 168ಕ್ಕೆ ಹೋಗಿ ಅಲ್ಲೇ ಕೂರುತ್ತೆ, ಎಷ್ಟು ನಿಧಾನ ಓಡಿದರೂ ಇಳಿಯಲ್ಲ. ವಯಸ್ಸು 34. ಹೃದಯ ತೋರಿಸಬೇಕಾ, ವಾಚ್ ಬದಲಿಸಬೇಕಾ?

ಉತ್ತರ (ಎಂಜಿನಿಯರ್): ಮೊದಲು ಒಂದು ಎಣಿಕೆ ಮಾಡಿ. ಓಡುವಾಗ 15 ಸೆಕೆಂಡಿನಲ್ಲಿ ಎರಡೂ ಪಾದ ಸೇರಿ ಎಷ್ಟು ಹೆಜ್ಜೆ ಬೀಳುತ್ತವೆ ಎಣಿಸಿ, ನಾಲ್ಕರಿಂದ ಗುಣಿಸಿ. 165-170 ಬಂದರೆ ವಾಚ್ ನಿಮ್ಮ ನಾಡಿ ಬಿಟ್ಟು ಹೆಜ್ಜೆ ಎಣಿಸುತ್ತಿದೆ. ಪ್ರತಿ ಹೆಜ್ಜೆಗೂ ವಾಚ್ ಕೈಮೇಲೆ ಕುಲುಕಿ ಬೆಳಕು ಒಳನುಗ್ಗುತ್ತದೆ. ಆ ಏರಿಳಿತ ರಕ್ತದ್ದಕ್ಕಿಂತ ದೊಡ್ಡದು. ಅಗ್ಗದ ವಾಚಿನ ತಂತ್ರಾಂಶಕ್ಕೆ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ನಿಧಾನ ಓಡಿದರೂ ನಿಮಿಷದ ಹೆಜ್ಜೆ ಅಷ್ಟೇನೂ ಇಳಿಯುವುದಿಲ್ಲ, ಅದಕ್ಕೇ ಅಂಕಿ ಅಲ್ಲೇ ನಿಂತಿರುವುದು.

ಸರಿಪಡಿಸುವ ಕ್ರಮ: ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಕಟ್ಟಿ. ಓಡುವಾಗ ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ. ಚಳಿ ಬೆಳಗಿನಲ್ಲಿ ಐದು ಹತ್ತು ನಿಮಿಷ ನಡೆದು ಕೈ ಬೆಚ್ಚಗಾದ ಮೇಲೆ ಓಟ ಶುರು ಮಾಡಿ, ತಣ್ಣನೆ ಕೈಯಲ್ಲಿ ಚರ್ಮದ ರಕ್ತಸಂಚಾರ ಕಡಿಮೆ. ಆ್ಯಪ್‌ನಲ್ಲಿ ನಾಡಿ ಅಳತೆ "10 ನಿಮಿಷಕ್ಕೊಮ್ಮೆ" ಎಂದಿದ್ದರೆ ಪ್ರಯೋಜನವಿಲ್ಲ, ವ್ಯಾಯಾಮದ ಮೋಡ್ ಹಾಕಿಯೇ ಓಡಿ.

ಆಮೇಲೆ ತಾಳೆ ನೋಡಿ. ಓಟ ನಿಲ್ಲಿಸಿದ ತಕ್ಷಣ ವಾಚಿನ ಅಂಕಿ ಓದಿಕೊಂಡು, ಕುತ್ತಿಗೆ ಅಥವಾ ಮಣಿಕಟ್ಟಿನ ನಾಡಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ತಡ ಮಾಡಬೇಡಿ, ನಿಂತ ಮೇಲೆ ನಾಡಿ ಬೇಗ ಇಳಿಯುತ್ತದೆ. ಹತ್ತರೊಳಗಿನ ವ್ಯತ್ಯಾಸ ಈ ಬೆಲೆಗೆ ಸರಿ. ಕೂತಿದ್ದಾಗ ಐದು ದಾಟಬಾರದು. ಓಟವೇ ಮುಖ್ಯ ಎನ್ನುವವರಿಗೆ ಎದೆಗೆ ಕಟ್ಟುವ ಪಟ್ಟಿಯಷ್ಟು ನಂಬಿಕಸ್ತ ಸಾಧನ ಕೈಯಲ್ಲಿ ಕಟ್ಟುವುದರಲ್ಲಿ ಇಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್): ಕೈಯಲ್ಲಿ ಎಣಿಸಿದಾಗಲೂ ಅಷ್ಟೇ ಬಂದರೆ, ಅಥವಾ ತಲೆಸುತ್ತು, ಎದೆಬಿಗಿತ, ಸುಮ್ಮನೆ ಕೂತಾಗಲೂ ಎದೆ ಢವಗುಟ್ಟುವುದು ಇದ್ದರೆ ವಾಚಿನ ಮಾತು ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ (ಹುಬ್ಬಳ್ಳಿ): ಸರ, ಹೊಸಾ ವಾಚ್ ತಗೊಂಡೇನ್ರಿ. ಇಂಗ್ಲಿಷ್ ಮೆಸೇಜ್ ಬಂದ್ರ ಛಲೋ ಕಾಣತೈತಿ, ಕನ್ನಡದಾಗ ಬಂದ್ರ ಬರೀ ಡಬ್ಬಿ ಡಬ್ಬಿ ಕಾಣಸ್ತಾವ್ರಿ. ಫೋನಿನ್ಯಾಗ ಏನರ ಸೆಟ್ಟಿಂಗ್ ಮಾಡಬೇಕೇನ್ರಿ?

ಉತ್ತರ (ಎಂಜಿನಿಯರ್): ಫೋನಿನಲ್ಲಿ ಏನು ಮಾಡಿದರೂ ಆಗದು. ಫೋನ್ ವಾಚಿಗೆ ಬರೀ ಅಕ್ಷರಗಳ ಸಂಕೇತ ಕಳಿಸುತ್ತದೆ, ಅದನ್ನು ಪರದೆ ಮೇಲೆ ಅಕ್ಷರವಾಗಿ ಮೂಡಿಸುವುದು ವಾಚಿನದೇ ಕೆಲಸ. ಅದರೊಳಗೆ ಕನ್ನಡ ಫಾಂಟ್ ಇಲ್ಲದಿದ್ದರೆ ಪ್ರತಿ ಅಕ್ಷರಕ್ಕೂ ಒಂದು ಖಾಲಿ ಚೌಕ. ಕೆಲವು ವಾಚುಗಳಲ್ಲಿ ಫಾಂಟ್ ಇದ್ದರೂ ಒತ್ತಕ್ಷರ ಜೋಡಿಸುವ ತಂತ್ರಾಂಶ ಇರುವುದಿಲ್ಲ. ಆಗ "ಅಮ್ಮ" ಎಂಬುದು "ಅಮ್‌ಮ" ಆಗುತ್ತದೆ, "ಶಾಸ್ತ್ರಿ"ಯ ಒತ್ತುಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಕಂಪನಿ ಫರ್ಮ್‌ವೇರ್ (ವಾಚಿನೊಳಗಿನ ತಂತ್ರಾಂಶ) ಅಪ್‌ಡೇಟ್ ಕೊಟ್ಟರೆ ಮಾತ್ರ ಇದು ಸರಿಹೋಗುತ್ತದೆ. ಆ್ಯಪ್‌ನಲ್ಲಿ ಒಮ್ಮೆ ಅಪ್‌ಡೇಟ್ ನೋಡಿ. ಇಲ್ಲದಿದ್ದರೆ, ವಾಪಸಾತಿಯ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಿ.

ಕೊಳ್ಳುವ ಮುಂಚೆ ಇದನ್ನು ಎಲ್ಲರೂ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ವಾಚನ್ನು ನಿಮ್ಮ ಫೋನಿಗೆ ಜೋಡಿಸಿ, ಜೊತೆಯಲ್ಲಿ ಬಂದವರಿಗೆ "ಅಮ್ಮ, ಕೃಷ್ಣ, ಶಾಸ್ತ್ರಿ, ಅರ್ಧ" ಎಂಬ ನಾಲ್ಕು ಪದ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಎನ್ನಿ. ನಾಲ್ಕೂ ಫೋನಿನಲ್ಲಿ ಕಂಡಂತೆಯೇ ವಾಚಿನಲ್ಲೂ ಕಾಣಬೇಕು. ಮನೆಯವರ ಮಾತೆಲ್ಲ ಕನ್ನಡದಲ್ಲೇ ಬರುವವರಿಗೆ, ಅದನ್ನು ಓದಲಾಗದ ವಾಚಿನ ನೋಟಿಫಿಕೇಶನ್ ಇದ್ದೂ ಇಲ್ಲದಂತೆ. "ಹಿಂದಿ ಬರುತ್ತೆ" ಎಂದರೆ ಕನ್ನಡವೂ ಬರುತ್ತದೆ ಎಂದಲ್ಲ.

ಪ್ರಶ್ನೆ (ಹುಬ್ಬಳ್ಳಿ, ಅದೇ ಸದಸ್ಯರು): ಅಂದ್ರ ವಾಪಸ್ ಕೊಡತೇನ್ರಿ. ಇನ್ನೊಂದು, ನೋಟಿಫಿಕೇಶನ್ ಒಂದ್ ತಾಸಿಗೆ ಬಂದ್ ಆಗಿಬಿಡತಾವು.

ಉತ್ತರ (ಎಂಜಿನಿಯರ್): ಅದು ಫೋನಿನದ್ದು. ಆಂಡ್ರಾಯ್ಡ್ ಬ್ಯಾಟರಿ ಉಳಿಸಲು ವಾಚಿನ ಆ್ಯಪ್ ಮುಚ್ಚುತ್ತಿದೆ. ಆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆಯಿರಿ, ಆಟೊಸ್ಟಾರ್ಟ್ ಇದ್ದರೆ ಆನ್ ಮಾಡಿ, ರೀಸೆಂಟ್ಸ್ ಪಟ್ಟಿಯಲ್ಲಿ ಅದನ್ನು ಲಾಕ್ ಮಾಡಿ. ನೋಟಿಫಿಕೇಶನ್ ಓದುವ ಅನುಮತಿ ಕೊಡಲೇಬೇಕು. ಫೋಟೊ, ಎಸ್ಸೆಮ್ಮೆಸ್ ಅನುಮತಿ ಕೇಳಿದರೆ ಬೇಡ ಎನ್ನಿ, ಕೊಡದಿದ್ದರೂ ಹೆಜ್ಜೆ, ನಾಡಿ ನಡೆಯುತ್ತವೆ. ಬ್ಯಾಂಕ್ ಆ್ಯಪ್‌ಗಳ ನೋಟಿಫಿಕೇಶನನ್ನು ವಾಚಿಗೆ ಹೋಗದಂತೆ ತೆಗೆದಿಡಿ.

ಪ್ರಶ್ನೆ (ತುಮಕೂರು): ಮೇಡಂ, ಸರ್, ಇಬ್ಬರಿಗೂ. ಬೆಳಗ್ಗೆ ಚಪಾತಿ ಲಟ್ಟಿಸಿ, ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗೋಷ್ಟರಲ್ಲಿ ಎರಡು ಸಾವಿರ ಹೆಜ್ಜೆ ತೋರಿಸುತ್ತೆ. ದೂರವೂ ಗಂಡನ ವಾಚಿಗೂ ನನ್ನದಕ್ಕೂ ತಾಳೆ ಆಗಲ್ಲ. ಕ್ಯಾಲೊರಿ ನಂಬಬಹುದಾ?

ಉತ್ತರ (ಎಂಜಿನಿಯರ್): ವಾಚಿಗೆ ಕಾಲು ಕಾಣುವುದಿಲ್ಲ, ಕೈಯ ತೂಗಾಟ ಮಾತ್ರ ಗೊತ್ತು. ಲಟ್ಟಣಿಗೆ, ಬಟ್ಟೆ ಒಗೆತ, ಗುಂಡಿ ಬಿದ್ದ ರಸ್ತೆಯಲ್ಲಿ ಹ್ಯಾಂಡಲ್ ಅದುರುವುದು ಎಲ್ಲಕ್ಕೂ ನಡಿಗೆಯಂಥ ಲಯ ಇದೆ, ಹಾಗಾಗಿ ಹೆಜ್ಜೆ ಬೀಳುತ್ತದೆ. ತಳ್ಳುಗಾಡಿ ತಳ್ಳುವಾಗ, ಕೈಯಲ್ಲಿ ಚೀಲ ಹಿಡಿದಾಗ ಉಲ್ಟಾ: ನಡೆದರೂ ಎಣಿಸದು. ಯಾವ ಕೈಗೆ ಕಟ್ಟುತ್ತೀರಿ ಎಂಬುದನ್ನು ಆ್ಯಪ್‌ನಲ್ಲಿ ಸರಿಯಾಗಿ ನಮೂದಿಸಿದ್ದೀರಾ ನೋಡಿ.

ಪರೀಕ್ಷೆಗೆ ಬಾಯಲ್ಲಿ 500 ಎಣಿಸುತ್ತಾ ಮಾಮೂಲಾಗಿ ನಡೆಯಿರಿ. 475ರಿಂದ 525 ತೋರಿಸಿದರೆ ಎಣಿಕೆ ಸರಿಯಿದೆ. ಆಮೇಲೆ ಸ್ಕೂಟರ್ ಹತ್ತುವಾಗ, ಇಳಿಯುವಾಗ ಅಂಕಿ ಬರೆದಿಟ್ಟುಕೊಳ್ಳಿ. ಬರುವ ಸುಳ್ಳು ಹೆಜ್ಜೆ ದಿನವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಅದನ್ನು ಕಳೆದು ಓದಬಹುದು.

ದೂರದ ವಿಷಯ: ಜಿಪಿಎಸ್ ಇಲ್ಲದ ವಾಚ್ ಹೆಜ್ಜೆಯನ್ನು ಹೆಜ್ಜೆಯುದ್ದದಿಂದ ಗುಣಿಸುತ್ತದೆ, ಹೆಜ್ಜೆಯುದ್ದವನ್ನು ನೀವು ಕೊಟ್ಟ ಎತ್ತರದಿಂದ ಅಂದಾಜಿಸುತ್ತದೆ. ಸಾಮಾನ್ಯವಾಗಿ ಎತ್ತರದ 0.41 ಪಟ್ಟು. 155 ಸೆಂ.ಮೀ. ಇದ್ದವರಿಗೆ 64 ಸೆಂ.ಮೀ., ಸಾವಿರ ಹೆಜ್ಜೆಗೆ 640 ಮೀಟರ್. ಆ್ಯಪ್ ಮೊದಲೇ ತುಂಬಿಟ್ಟ 175 ಹಾಗೇ ಉಳಿದಿದ್ದರೆ ಅಷ್ಟೇ ಹೆಜ್ಜೆಗೆ 720 ತೋರಿಸುತ್ತದೆ. ಜಾಹೀರಾತಿನ "ಕನೆಕ್ಟೆಡ್ ಜಿಪಿಎಸ್" ಎಂದರೆ ಫೋನಿನ ಜಿಪಿಎಸ್, ಫೋನ್ ಜೇಬಿನಲ್ಲೇ ಇರಬೇಕು. ಸರಿ ನೋಡಲು ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕ್‌ಗೆ ಹೋಗಿ. ಪ್ರಮಾಣಿತ ಟ್ರ್ಯಾಕಿನ ಒಳಗಿನ ಮೊದಲ ಲೇನ್ 400 ಮೀಟರ್, ಎಂಟನೇ ಲೇನ್ 450 ದಾಟುತ್ತದೆ. ಮೊದಲ ಲೇನಲ್ಲೇ ನಾಲ್ಕು ಸುತ್ತು ನಡೆದರೆ 1.6 ಕಿ.ಮೀ. ಬರಬೇಕು. ಆ್ಯಪ್‌ನಲ್ಲಿ ಹೆಜ್ಜೆಯುದ್ದ ಬದಲಿಸಲು ಬಂದರೆ ಅಲ್ಲೇ ಹೊಂದಿಸಿ.

ಉತ್ತರ (ಫಿಸಿಯೋಥೆರಪಿಸ್ಟ್): ಕ್ಯಾಲೊರಿ ನೋಡಿ ಊಟ ಹೆಚ್ಚು ಮಾಡಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿತ್ತು. ನಾಡಿಯಲ್ಲಿ ಆರರ ತಪ್ಪು 5%ಗಿಂತ ಕಡಿಮೆ ಇತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೇ ಸರಾಸರಿ 27% ತಪ್ಪಿತ್ತು, ಕೊನೆಯದು 93%. ಅವೆಲ್ಲ ಒಳ್ಳೆಯ ಕಂಪನಿಗಳ ಸಾಧನಗಳು. ಇನ್ನು 10,000 ಹೆಜ್ಜೆ ಎಂಬ ಗುರಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ವೈದ್ಯರು ಬರೆದುಕೊಟ್ಟದ್ದಲ್ಲ. ಈಗ ನಾಲ್ಕು ಸಾವಿರ ನಡೆಯುತ್ತಿದ್ದರೆ ಐದಕ್ಕೆ ತನ್ನಿ, ಅದೇ ಒಳ್ಳೆಯ ಗುರಿ.

ಪ್ರಶ್ನೆ (ಮಂಗಳೂರು): ಐಪಿ68 ಅಂತ ಇದೆ, ಈಜಲಿಕ್ಕೆ ಹಾಕಬಹುದಾ? ಮತ್ತೆ ಚಾರ್ಜ್ ಆಗುವ ಪಿನ್ ಹಸಿರು ಕಟ್ಟಿದೆ, ಚಾರ್ಜರ್ ಇಟ್ಟರೆ ಒಮ್ಮೆ ಹಿಡಿತದೆ, ಒಮ್ಮೆ ಇಲ್ಲ.

ಉತ್ತರ (ಎಂಜಿನಿಯರ್): ಐಪಿ68 ಎಂಬುದು ದೂಳು, ನೀರು ತಡೆಯುವ ಗುರುತು, ಆದರೆ ಅದು ನಿಂತ ಸಿಹಿನೀರಿನ ಪರೀಕ್ಷೆ. ಈಜಲು 5 ಎಟಿಎಂ (ನೀರಿನ ಒತ್ತಡ ತಡೆಯುವ ಮಟ್ಟ) ಎಂದು ಬರೆದಿರಬೇಕು. ಅದಿದ್ದರೂ ಬಿಸಿನೀರು, ಸೋಪು ಬೇಡ, ರಬ್ಬರ್ ಸೀಲ್ ಹಾಳಾಗುತ್ತದೆ. ಸಮುದ್ರಕ್ಕೆ ಇಳಿದರೆ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ.

ಹಸಿರು ಕಟ್ಟಿದ್ದು ಬೆವರಿನ ಉಪ್ಪಿಂದ. ಕರಾವಳಿಯ ಸೆಖೆಗೆ ಇದು ಬೇಗ ಬರುತ್ತದೆ. ಒದ್ದೆ ವಾಚನ್ನು ಚಾರ್ಜಿಗೆ ಇಟ್ಟರೆ ಪಿನ್ನಿನ ಲೇಪನವೇ ತಿಂದುಹೋಗುತ್ತದೆ. ಹಳೆಯ ಮೃದು ಟೂತ್‌ಬ್ರಶ್ಶಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ವಾಚಿನ ಎರಡು ಬಿಂದು ಮತ್ತು ಚಾರ್ಜರಿನ ಪಿನ್ ಎರಡನ್ನೂ ಉಜ್ಜಿ. ಚಾರ್ಜರಿನ ಪಿನ್ ಒತ್ತಿದರೆ ಸ್ಪ್ರಿಂಗಿನಂತೆ ಮೇಲೆ ಬರಬೇಕು. ಸಿಕ್ಕಿಕೊಂಡಿದ್ದರೆ ಕೇಬಲ್ ಬದಲಿಸಿ. ಬದಲಿ ಕೇಬಲ್ ತರುವಾಗ ನಿಮ್ಮ ಮಾಡೆಲ್ ಹೆಸರು ಹೇಳಿಯೇ ತನ್ನಿ. ಎರಡು ಪಿನ್ನಿನ ಕೇಬಲ್‌ಗಳೆಲ್ಲ ನೋಡಲು ಒಂದೇ ಥರ, ಆದರೆ ಧನ-ಋಣ ಅದಲುಬದಲಾಗಿರುವುದುಂಟು, ಇಟ್ಟರೆ ವಾಚಿನ ಚಾರ್ಜಿಂಗ್ ಭಾಗ ಸುಡಬಹುದು. ಫೋನಿನ ಫಾಸ್ಟ್ ಚಾರ್ಜರ್ ಬದಲು 5 ವೋಲ್ಟ್ 1 ಆಂಪಿಯರಿನ ಹಳೆ ಅಡಾಪ್ಟರ್ ಬಳಸಿ.