ಎಚ್‌ಡಿ ಡಿವಿಡಿ ಅಷ್ಟು ಅಗ್ಗವಿದ್ದೂ ಸೋತಿದ್ದೇಕೆ? ಜೊತೆಗೆ ಎಚ್‌ಡಿ-ಎ3 ಬಗ್ಗೆ ಒಂದು ಪ್ರಶ್ನೆ

ಹಳೇಡಿಸ್ಕ್:
ಡಿವಿಡಿಯ ನಂತರದ ಎಚ್‌ಡಿ ಸಿನಿಮಾ ಡಿಸ್ಕ್‌ಗಳ ಪೈಪೋಟಿ ಗೊತ್ತಲ್ಲ: ಒಂದು ಕಡೆ ತೋಷಿಬಾದ ಎಚ್‌ಡಿ ಡಿವಿಡಿ, ಇನ್ನೊಂದು ಕಡೆ ಸೋನಿ ಬಣದ ಬ್ಲೂ-ರೇ. 2007ರ ನವೆಂಬರ್ ಮೊದಲ ವಾರ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳು ತೋಷಿಬಾದ ಎಚ್‌ಡಿ-ಎ2 ಎಂಬ ಎಚ್‌ಡಿ ಡಿವಿಡಿ ಪ್ಲೇಯರನ್ನು 98.87 ಡಾಲರ್‌ಗೆ ಮಾರಿದ್ದವು. ಅದೇ ವಾರ ಬಂದ 40 ಜಿಬಿ ಪಿಎಸ್3ಗೆ (ಬ್ಲೂ-ರೇಯನ್ನೂ ಓಡಿಸುವ ಸೋನಿಯ ಗೇಮ್ ಯಂತ್ರ) 399 ಡಾಲರ್. ನಾಲ್ಕು ಪಟ್ಟು ಅಂತರ! ಆದರೂ 2008ರ ಫೆಬ್ರವರಿ 19ಕ್ಕೆ ತೋಷಿಬಾ ಕೈಚೆಲ್ಲಿತು. "ಸಿನಿಮಾ ಸ್ಟುಡಿಯೋ ವಾರ್ನರ್ ಬಣ ಬದಲಿಸಿತು, ಆಟ ಮುಗೀತು" ಅಂತಾರೆ ಎಲ್ಲರೂ. ಅಷ್ಟೇನಾ? ದುಡ್ಡು ಕೊಟ್ಟು ಕೊಳ್ಳುವವರ ಪಾತ್ರ ಏನೂ ಇರಲಿಲ್ವಾ?

ಇನ್ನೊಂದು ವಿಷಯ: ಅಮೆರಿಕದಿಂದ ತೋಷಿಬಾದ್ದೇ ಎಚ್‌ಡಿ-ಎ3 ಎಂಬ ಎಚ್‌ಡಿ ಡಿವಿಡಿ ಪ್ಲೇಯರ್, ಒಂದಷ್ಟು ಡಿಸ್ಕ್ ಬರುವುದಿದೆ. ಬೆಂಗಳೂರಿನಲ್ಲಿ ಓಡುತ್ತಾ?

ನೀಲಿಲೇಸರ್:
ವಾರ್ನರ್ ಕಾರಣ ಅನ್ನುವುದಕ್ಕಿಂತ ಪರಿಣಾಮ ಅನ್ನಿ. ಅದು ಎರಡೂ ಬಗೆಯ ಡಿಸ್ಕ್ ಮಾರುತ್ತಿದ್ದ ಕಂಪನಿ, ಯಾವುದು ಎಷ್ಟು ಹೋಗುತ್ತಿದೆ ಅನ್ನುವ ಲೆಕ್ಕ ಅದರ ಕೈಯಲ್ಲೇ ಇತ್ತು. 2007ರಲ್ಲಿ ಅಮೆರಿಕದಲ್ಲಿ ಬ್ಲೂ-ರೇ ಡಿಸ್ಕ್‌ಗಳು ಸುಮಾರು ಎರಡಕ್ಕೊಂದರಂತೆ ಮುಂದಿದ್ದವು. 2008ರ ಜನವರಿ 4ಕ್ಕೆ ಅದು ಇನ್ನು ಬ್ಲೂ-ರೇ ಮಾತ್ರ ಅನ್ನುವ ತೀರ್ಮಾನ ಪ್ರಕಟಿಸಿದ ಮೇಲೆ ಎಚ್‌ಡಿ ಡಿವಿಡಿ ಬಣ ಲಾಸ್ ವೇಗಾಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದ ಪತ್ರಿಕಾಗೋಷ್ಠಿಯನ್ನೇ ರದ್ದು ಮಾಡಿತು.

ಆ ಎರಡಕ್ಕೊಂದು ಬಂದದ್ದು ಪಿಎಸ್3ಯಿಂದ. ಅದನ್ನು ಕೊಂಡವರಲ್ಲಿ ಬಹಳಷ್ಟು ಮಂದಿ ಆಟಕ್ಕಾಗಿ ಕೊಂಡವರು, ಬ್ಲೂ-ರೇ ಡ್ರೈವ್ ಅದರೊಳಗೇ ಕೂತು ಮನೆಗೆ ಬಂತು. 2007ರ ಕೊನೆಗೆ ಜಗತ್ತಿನಾದ್ಯಂತ ಸುಮಾರು 1 ಕೋಟಿ ಪಿಎಸ್3 ರವಾನೆಯಾಗಿದ್ದವು. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ರ ಎಚ್‌ಡಿ ಡಿವಿಡಿ ಡ್ರೈವ್ ಸೇರಿಸಿದರೂ ಎಚ್‌ಡಿ ಡಿವಿಡಿ ಯಂತ್ರಗಳು ಹತ್ತು ಲಕ್ಷದ ಆಸುಪಾಸು. ಎಕ್ಸ್‌ಬಾಕ್ಸ್‌ಗೆ ಅದು 199 ಡಾಲರ್ ಕೊಟ್ಟು ಬೇರೆ ಕೊಳ್ಳಬೇಕಾದ ಪೆಟ್ಟಿಗೆ, ಅದರಲ್ಲಿ ಆಟ ಆಡಲೂ ಬರುವುದಿಲ್ಲ. ತಲಾ ಯಂತ್ರಕ್ಕೆ ಡಿಸ್ಕ್ ಎಷ್ಟು ಅಂತ ನೋಡಿದರೆ ಎಚ್‌ಡಿ ಡಿವಿಡಿಯವರೇ ಮುಂದು. ತೋಷಿಬಾ ಅದನ್ನೇ ಹೇಳಿಕೊಂಡು ತಿರುಗಿತು. ಆದರೆ ಸ್ಟುಡಿಯೋಗೆ ಬೇಕಾದದ್ದು ಸರಾಸರಿಯಲ್ಲ, ಒಟ್ಟು ಮಾರಾಟ.

98 ಡಾಲರ್ ಯಂತ್ರದ ಇನ್ನೊಂದು ಕಥೆ: ಎಚ್‌ಡಿ-ಎ2 ಹಳೆಯ ಡಿವಿಡಿಗಳನ್ನು ಚೆನ್ನಾಗಿ ಅಪ್‌ಸ್ಕೇಲ್ ಮಾಡುತ್ತಿತ್ತು, ಅಂದರೆ ಎಚ್‌ಡಿ ಟಿವಿಗೆ ಹೊಂದುವಂತೆ ಚಿತ್ರವನ್ನು ಹಿಗ್ಗಿಸುತ್ತಿತ್ತು. ಅದಕ್ಕೆಂದೇ ಒಯ್ದವರೂ ಇದ್ದರು. ಅಂಥವರು ಎಚ್‌ಡಿ ಡಿಸ್ಕ್ ಕೊಳ್ಳಲಿಲ್ಲ.

ಪದರ405:
ಒಪ್ಪಿದೆ, ಆದರೆ ಬೆಲೆ ಇಳಿಸಿದ್ದೇ ತೋಷಿಬಾಗೆ ಉರುಳಾಯಿತು ಅನ್ನುವುದನ್ನೂ ಸೇರಿಸಬೇಕು. ತಯಾರಿಕೆಯಲ್ಲಿ ಎಚ್‌ಡಿ ಡಿವಿಡಿಗೆ ನಿಜವಾದ ಅನುಕೂಲ ಇತ್ತು. ಡಿವಿಡಿಯಂತೆಯೇ 0.6 ಮಿ.ಮೀ.ನ ಎರಡು ಬಿಲ್ಲೆ ಅಂಟಿಸಿದರಾಯಿತು, ಕಾರ್ಖಾನೆಯ ಹಳೆಯ ತಯಾರಿಕಾ ಲೈನನ್ನೇ ಸ್ವಲ್ಪ ಮಾರ್ಪಡಿಸಿದರೆ ಸಾಕು. ಬ್ಲೂ-ರೇಯಲ್ಲಿ ಲೆನ್ಸ್‌ನ ಎನ್‌ಎ (ಲೆನ್ಸ್ ಬೆಳಕನ್ನು ಎಷ್ಟು ಚಿಕ್ಕ ಚುಕ್ಕೆಗೆ ಇಳಿಸಬಲ್ಲದು ಅನ್ನುವ ಅಳತೆ) 0.85, ಎಚ್‌ಡಿ ಡಿವಿಡಿಯಲ್ಲಿ 0.65. ಅಷ್ಟು ಎನ್‌ಎಗೆ ಡಿಸ್ಕ್ ತುಸು ಓರೆಯಾದರೂ ಬೆಳಕಿನ ಚುಕ್ಕೆ ಕದಡುತ್ತದೆ, ಹಾಗಾಗಿ ಮೇಲ್ಪದರ 0.1 ಮಿ.ಮೀ.ಗೆ ಇಳಿಸಲೇಬೇಕು. ಅದಕ್ಕೆ ಹೊಸ ಲೈನ್, ಮೇಲೆ ಗೀರು ತಡೆಯುವ ಗಟ್ಟಿ ಲೇಪ ಬೇರೆ. ಪ್ರತಿಫಲವಾಗಿ ಪದರಕ್ಕೆ 15ರ ಬದಲು 25 ಜಿಬಿ.

ಡಿಸ್ಕ್ ಅಗ್ಗವಾಯಿತು ಸರಿ, ಪ್ಲೇಯರ್? ಮೊದಲ ಎಚ್‌ಡಿ-ಎ1 (2006ರ ಏಪ್ರಿಲ್, 499 ಡಾಲರ್) ಒಳಗಿದ್ದದ್ದು ಪೆಂಟಿಯಂ 4, 1 ಜಿಬಿ ರ‍್ಯಾಮ್. ಅಕ್ಷರಶಃ ಒಂದು ಪಿಸಿ, ಆನ್ ಆಗುವುದಕ್ಕೇ ಒಂದು ನಿಮಿಷದಷ್ಟು ಹೊತ್ತು. ಆ ಬೆಲೆಗೆ ತೋಷಿಬಾ ಕೈಯಿಂದ ಹಾಕಿ ಮಾರಿತು. ಯಂತ್ರದಲ್ಲಿ ಲಾಭವೇ ಇಲ್ಲದ ಮೇಲೆ ಬೇರೆ ಕಂಪನಿಗಳು ಯಾಕೆ ಬರ್ತಾರೆ? ಅಂಗಡಿಯ ಆ ಕಡೆ ಸೋನಿ, ಸ್ಯಾಮ್‌ಸಂಗ್, ಪ್ಯಾನಾಸೋನಿಕ್, ಪಯೊನೀರ್ ಸಾಲಾಗಿ ಕೂತಿದ್ದರೆ ಈ ಕಡೆ ಬಹುತೇಕ ತೋಷಿಬಾ ಒಂದೇ. ಗಿರಾಕಿ ತಂತ್ರಜ್ಞಾನ ಓದಿಕೊಂಡು ಬರುವುದಿಲ್ಲ, ಕಪಾಟು ನೋಡುತ್ತಾನೆ.

ಇಷ್ಟಾಗಿಯೂ ಬಹುಪಾಲು ಜನ ಎರಡನ್ನೂ ಕೊಳ್ಳಲಿಲ್ಲ. ಕ್ಯಾಸೆಟ್‌ನಿಂದ ಡಿವಿಡಿಗೆ ಹೋಗಲು ಟಿವಿ ಬದಲಿಸಬೇಕಿರಲಿಲ್ಲ, ರಿವೈಂಡ್ ಕಾಟವೂ ತಪ್ಪಿತ್ತು. ಇಲ್ಲಿ ಎಚ್‌ಡಿ ಟಿವಿ ಮೊದಲು ಬೇಕು. ಮೇಲಾಗಿ ಕ್ಯಾಸೆಟ್ ಕಾಲದಲ್ಲಿ ವಿಎಚ್‌ಎಸ್ ಎದುರು ಸೋತ ಬೀಟಾಮ್ಯಾಕ್ಸ್ ಕೊಂಡವರ ಗತಿ ನೆನಪಿದ್ದವರು "ಯಾರು ಗೆಲ್ತಾರೋ ನೋಡೋಣ" ಅಂತ ಕಾದರು. ಒಂದು ಬದಿ ಬ್ಲೂ-ರೇ, ಇನ್ನೊಂದು ಬದಿ ಎಚ್‌ಡಿ ಡಿವಿಡಿ ಇರುವ ಟೋಟಲ್ ಎಚ್‌ಡಿ ಡಿಸ್ಕನ್ನು ವಾರ್ನರ್ 2007ರಲ್ಲಿ ಘೋಷಿಸಿತ್ತು, ಅಂಗಡಿಗೆ ಬರಲೇ ಇಲ್ಲ.

ಹಳೇಡಿಸ್ಕ್:
ಚೆನ್ನಾಗಿ ಬಿಡಿಸಿ ಹೇಳಿದಿರಿ, ಧನ್ಯವಾದ. ಪ್ಲೇಯರ್ ವಿಷಯ?

ಮಿನಿಟ್ರಾನ್ಸ್‌ಫಾರ್ಮರ್:
ನೇರವಾಗಿ ಪ್ಲಗ್‌ಗೆ ಹಾಕಬೇಡಿ. ಅಮೆರಿಕದ ಎ3 ಇರುವುದು 120 ವೋಲ್ಟ್‌ಗೆ. ನಮ್ಮ 230ಕ್ಕೆ ಪವರ್ ಸಪ್ಲೈ ಸುಟ್ಟುಹೋಗುತ್ತೆ. ಹಿಂಬದಿಯ ಫಲಕದಲ್ಲಿ ಬರೆದ ವಾಟ್‌ನ ಎರಡರಷ್ಟು ತಾಳುವ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಎಸ್.ಪಿ. ರಸ್ತೆಯಲ್ಲಿ ಕೇಳಿ. ಪ್ಲಗ್‌ನ ಆಕಾರ ಮಾತ್ರ ಬದಲಿಸುವ ಅಡಾಪ್ಟರ್ ಕೊಟ್ಟರೆ ತಗೋಬೇಡಿ.

ಎಚ್‌ಡಿ ಡಿವಿಡಿಗೆ ರೀಜನ್ ಕೋಡ್ (ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಬೀಗ) ಇಲ್ಲ, ಆ ಡಿಸ್ಕ್‌ಗಳು ಓಡುತ್ತವೆ. ಆದರೆ ಅದೇ ಪ್ಲೇಯರಿಗೆ ಇಲ್ಲಿ ಕೊಂಡ ರೀಜನ್ 5 ಡಿವಿಡಿ ಹಾಕಿದರೆ ಒಪ್ಪುವುದಿಲ್ಲ, ಪ್ಲೇಯರ್ ಅಮೆರಿಕದ ರೀಜನ್ 1ಕ್ಕೆ ಕಟ್ಟಿದ್ದು. ಎಚ್‌ಡಿಎಂಐನಲ್ಲಿ 1080ಐ (ಗೆರೆ ಬಿಟ್ಟು ಗೆರೆ, ಎರಡು ಕಂತಿನಲ್ಲಿ ಬರುವ ಚಿತ್ರ) ತನಕ ಮಾತ್ರ ಕೊಡುತ್ತೆ, ಪೂರ್ತಿ ಚಿತ್ರ ಒಟ್ಟಿಗೇ ಬರುವ 1080ಪಿ ಬೇಕಿದ್ದರೆ ಎಚ್‌ಡಿ-ಎ30 ನೋಡಬೇಕಿತ್ತು. ಚಿಂತೆ ಬೇಡ, ಟಿವಿಯೇ ಆ ಕಂತುಗಳನ್ನು ಜೋಡಿಸಿಕೊಳ್ಳುತ್ತೆ (ಡೀಇಂಟರ್‌ಲೇಸ್).

ನಿಜವಾದ ತಲೆನೋವು ಡಿಸ್ಕ್‌ಗಳದು. ಒಳಗಿನ ಪದರ ಕೆಡುವ ರೋಗಕ್ಕೆ ಆ ಕಾಲದ ವಾರ್ನರ್ ಡಿಸ್ಕ್‌ಗಳು ಕುಖ್ಯಾತ, ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತವೆ. ಮೆನು ಬಂತು ಅಂತ ನಂಬಬೇಡಿ, ಪೂರ್ತಿ ಓಡಿಸಿ. ನಿಂತರೆ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ. ಆಮೇಲೂ ಅದೇ ಜಾಗದಲ್ಲೇ ನಿಂತರೆ ಡಿಸ್ಕ್ ಹೋಯಿತು ಅಂತಲೇ. ಎಲ್ಲ ಡಿಸ್ಕ್‌ಗಳೂ ಎಲ್ಲೆಂದರಲ್ಲಿ ತಡೆದರೆ ಅನುಮಾನ ಲೇಸರ್ ಮೇಲೆ. ಒಂದು ಬದಿ ಎಚ್‌ಡಿ ಡಿವಿಡಿ, ಇನ್ನೊಂದು ಬದಿ ಮಾಮೂಲಿ ಡಿವಿಡಿ ಇರುವ ಕಾಂಬೋ ಡಿಸ್ಕ್‌ನಲ್ಲಿ ಚಿತ್ರ ಮುದ್ರಿಸಿದ ಬದಿಯೇ ಇರಲ್ಲ. ನಡುವಿನ ಉಂಗುರದ ಸಣ್ಣಕ್ಷರ ಓದಿ ಹಾಕಿ, ಇಲ್ಲದಿದ್ದರೆ ಡಿವಿಡಿ ಬದಿ ನೋಡಿಕೊಂಡು "ಎಚ್‌ಡಿ ಇಷ್ಟೇನಾ" ಅಂತ ಬೈತೀರಿ.

ಡಿಸ್ಕ್‌ಗಳನ್ನು ಅಲ್ಲೇ ಓಡಿಸಿ ನೋಡಿ, ಸರಿ ಇದ್ದವನ್ನಷ್ಟೇ ಕಳಿಸಲು ಹೇಳಿ. ಪಿಸಿ ಇದ್ದರೆ ಎಲ್‌ಜಿಯ ಜಿಜಿಸಿ-ಎಚ್20ಎಲ್ ಡ್ರೈವ್ ಸೆಕೆಂಡ್‌ಹ್ಯಾಂಡ್ ಹುಡುಕಿ. ಸಾಟಾ ಕೇಬಲ್, ಎರಡೂ ಬಗೆಯ ಡಿಸ್ಕ್ ಓದುತ್ತೆ, ವೋಲ್ಟೇಜ್ ರಗಳೆಯೂ ಇಲ್ಲ.