11ಕ್ಕೆ ಚೆಕ್‌ಔಟ್ ಅಂದರೂ ಮಧ್ಯಾಹ್ನ ಮೂರೂವರೆವರೆಗೆ ಖಾಲಿ ಮಾಡದ ಗೆಸ್ಟುಗಳು: ನೀವೆಲ್ಲ ಏನು ಮಾಡ್ತೀರಿ?

ವಿದ್ಯಾನಗರ ಮೇಲ್ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ನಮ್ಮ ಮನೆಯ ಮೇಲಿನ ಮಹಡಿಯನ್ನು ದಿನದ ಬಾಡಿಗೆಗೆ ಕೊಡುತ್ತೇವೆ. ಎರಡು ರೂಮು, ಒಂದು ಹಾಲ್, ಸಣ್ಣ ಅಡುಗೆಮನೆ. ಅರ್ಧ ಬುಕಿಂಗ್ ಮನೆ, ರೂಮು ಬುಕ್ ಮಾಡುವ ಆ್ಯಪ್ ಏರ್‌ಬಿಎನ್‌ಬಿಯಿಂದ ಬರುತ್ತದೆ. ಇನ್ನರ್ಧ ಗುರುತಿನವರು ಹೇಳಿ ಕಳಿಸಿದವರು. ಚೆಕ್‌ಔಟ್ ಬೆಳಿಗ್ಗೆ 11 ಗಂಟೆ, ಮುಂದಿನವರಿಗೆ ಚೆಕ್‌ಇನ್ ಮಧ್ಯಾಹ್ನ 2 ಗಂಟೆ. ನಡುವಿನ ಮೂರು ತಾಸಿನಲ್ಲಿ ಬೆಡ್‌ಶೀಟ್ ಬದಲಿಸಿ, ಬಾತ್‌ರೂಮ್ ತೊಳೆದು, ಅಡುಗೆಮನೆ ಒರೆಸಿ ಮುಗಿಸಬೇಕು.

ಹೋದ ಭಾನುವಾರ ಮದುವೆಗೆ ಬಂದಿದ್ದ ಒಂದು ಕುಟುಂಬ ಇತ್ತು. 11ಕ್ಕೆ ಮೇಲೆ ಹೋಗಿ ಬಾಗಿಲು ತಟ್ಟಿದರೆ ಒಬ್ಬರು ಅಜ್ಜಿ ಮಾತ್ರ ಇದ್ದಾರೆ. ಹಾಲ್ ತುಂಬ ಸೂಟ್‌ಕೇಸು, ಮಂಚದ ಮೇಲೆ ಬಿಚ್ಚಿಟ್ಟ ಸೀರೆಗಳು, ಸ್ವಿಚ್‌ಬೋರ್ಡಿಗೆ ನಾಲ್ಕು ಚಾರ್ಜರು. "ಎಲ್ಲಾ ಧಾರೆಗೆ ಹೋಗ್ಯಾರವ್ವಾ, ಊಟ ಮುಗಿಸ್ಕೊಂಡು ಬರ್ತಾರೆ" ಅಂದರು. ಫೋನ್ ಮಾಡಿದರೆ ಓಲಗದ ಸದ್ದಿನಲ್ಲಿ ಯಾರೂ ಎತ್ತಲಿಲ್ಲ. ಅಜ್ಜಿಗೆ ನಾನೇನು ಹೇಳಲಿ? ಕ್ಲೀನಿಂಗಿಗೆ ಬರುವ ಅಕ್ಕ ಮೆಟ್ಟಿಲ ಮೇಲೆ ಕೂತು ಕಾದರು. ಅವರಿಗೆ ಇನ್ನೂ ಎರಡು ಮನೆ ಕೆಲಸ ಇರುತ್ತದೆ, ಎದ್ದು ಹೋದರು. 2 ಗಂಟೆಗೆ ಬೆಳಗಾವಿಯಿಂದ ಮುಂದಿನವರು ಬಂದೇ ಬಿಟ್ಟರು, ಕೈಯಲ್ಲಿ ಪುಟ್ಟ ಮಗು. ಅವರನ್ನು ಕೆಳಗೆ ನಮ್ಮ ಹಾಲ್‌ನಲ್ಲೇ ಕೂರಿಸಿ ಊಟ ಹಾಕಿದೆ. ಮದುವೆಯವರು ಬಂದು ಖಾಲಿ ಮಾಡಿದಾಗ ಮೂರೂವರೆ. "ಸ್ವಲ್ಪ ಲೇಟಾಯ್ತು ಮೇಡಂ" ಅಂತ ನಕ್ಕು ಹೋದರು. ಬೆಳಗಾವಿಯವರು ರಿವ್ಯೂನಲ್ಲಿ ಮನೆ ಚೆನ್ನಾಗಿದೆ, ಆದರೆ ರೂಮು ಸಿಕ್ಕಿದ್ದು ಸಂಜೆ ಅಂತ ಬರೆದರು. ಅದರಲ್ಲಿ ಸುಳ್ಳೇನೂ ಇಲ್ಲ, ಅಲ್ವಾ?

ಇದು ಪದೇ ಪದೇ ಆಗುತ್ತಿದೆ. ಲೇಟಾದರೆ ದುಡ್ಡು ಕೇಳಬಹುದಾ? ಲಗೇಜನ್ನು ನಾವೇ ತೆಗೆದು ಹೊರಗಿಡಬಹುದಾ? ನಮ್ಮ ಯಜಮಾನರು ಮೇಲಿನ ಮನೆ ಕರೆಂಟ್ ತೆಗೆದುಬಿಡೋಣ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅದಕ್ಕಿಂತ ದೊಡ್ಡ ಕಷ್ಟ, ಗುರುತಿನವರ ಕಡೆಯಿಂದ ಬಂದವರ ಹತ್ತಿರ ದುಡ್ಡಿನ ಮಾತು ಹೇಗೆ ಎತ್ತೋದು?

ದುರ್ಗದ ಕೋಟೆ ಬೀದಿ

ಅಕ್ಕ, ನಮ್ಮದು ಚಿತ್ರದುರ್ಗ, ಕೋಟೆಗೆ ನಡೆದು ಹೋಗುವಷ್ಟು ಹತ್ತಿರ. ನಿಮಗೆ ಮದುವೆ ಹೇಗೋ ನಮಗೆ ಕೋಟೆ ಹಾಗೆ. ಶನಿವಾರ ರಾತ್ರಿ ಬೆಂಗಳೂರಿಂದ ಬರುತ್ತಾರೆ, ಭಾನುವಾರ ಎದ್ದು ತಿಂಡಿ ತಿಂದು ಒಂಬತ್ತಕ್ಕೆ ಕೋಟೆ ಹತ್ತುತ್ತಾರೆ, ಹನ್ನೊಂದಕ್ಕೆ ಬಂದುಬಿಡ್ತೀವಿ ಅನ್ನುತ್ತಾರೆ. ಬರೋದಕ್ಕೆ ಆಗಲ್ಲ. ಓಬವ್ವನ ಕಿಂಡಿ, ಏಕನಾಥೇಶ್ವರಿ, ಅಕ್ಕ ತಂಗಿ ಹೊಂಡ ನೋಡಿ ತುಪ್ಪದ ಕೊಳ ಹತ್ತಿ ಇಳಿಯುವಷ್ಟರಲ್ಲಿ ಯಾರಿಗಾದರೂ ಮೂರು ತಾಸು ಬೇಕು, ಮಕ್ಕಳಿದ್ದರೆ ಇನ್ನೂ ಜಾಸ್ತಿ. ಅವರು ಕೆಟ್ಟವರಲ್ಲ. ಏಳುಸುತ್ತಿನ ಕೋಟೆ ಎಷ್ಟು ದೊಡ್ಡದು ಅಂತ ಅಂದಾಜಿರಲ್ಲ, ಅಷ್ಟೇ.

ಅದಕ್ಕೆ ನಾನು ಜಗಳ ಬಿಟ್ಟು ಲಗೇಜಿನ ವ್ಯವಸ್ಥೆ ಮಾಡಿದೆ. ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲು, ಬೀಗ ಹಾಕಿಸಿ ಒಳಗೆ ಎರಡು ಕಬ್ಬಿಣದ ರ‍್ಯಾಕ್ ಇಟ್ಟಿದ್ದೇನೆ. ಹೊರಗಿನ ಬಾತ್‌ರೂಮ್ ರಿಪೇರಿ ಮಾಡಿಸಿದೆ, ಕೋಟೆ ಇಳಿದು ಬಂದವರು ಅಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಹೊರಡಬಹುದು. ಜನರಿಗೆ ಆ ಹೊತ್ತಿಗೆ ಬೇಕಾಗಿರೋದು ಚೀಲ ಇಡೋಕೆ ಜಾಗ, ಮುಖ ತೊಳೆಯೋಕೆ ನೀರು. ಅದು ಸಿಕ್ಕರೆ ರೂಮು ಬಿಟ್ಟುಕೊಡೋಕೆ ಯಾರೂ ತಕರಾರು ಮಾಡಲ್ಲ.

ಇನ್ನೊಂದು, ಹಿಂದಿನ ರಾತ್ರಿ ಎಂಟರ ಹೊತ್ತಿಗೆ ಒಂದು ಫೋನ್. "ನಾಳೆ ಬೆಳಿಗ್ಗೆ ನಿಮ್ಮ ಪ್ಲಾನ್ ಏನು ಸಾರ್? ಕೋಟೆಗೆ ಹೋಗೋ ಮುಂಚೆ ಚೀಲ ಕೆಳಗೆ ಇಟ್ಟು ಕೀ ಕೊಟ್ಟು ಹೋಗಿ." ಬೆಳಿಗ್ಗೆ 11ಕ್ಕೆ ಹೇಳಿದರೆ ಓಡಿಸಿದ ಹಾಗೆ ಕೇಳಿಸುತ್ತದೆ. ರಾತ್ರಿ ಹೇಳಿದರೆ ಅನುಕೂಲ ಮಾಡಿಕೊಟ್ಟ ಹಾಗಿರುತ್ತದೆ. ನಿಮ್ಮ ಮದುವೆಯವರಿಗೂ ಇದೇ ಆಗುತ್ತದೆ. ಮುಹೂರ್ತ ಎಷ್ಟು ಹೊತ್ತಿಗೆ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಹತ್ತೂವರೆ ಮುಹೂರ್ತ ಇಟ್ಟುಕೊಂಡವರು 11ಕ್ಕೆ ಖಾಲಿ ಮಾಡುತ್ತಾರೆ ಅಂತ ನಂಬಿಕೊಂಡು ಕೂರೋದರಲ್ಲಿ ಅರ್ಥ ಇಲ್ಲ ಅಕ್ಕ.

ಕೋರ್ಟ್ ರಸ್ತೆ, ದಾವಣಗೆರೆ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವನು.

ಮೊದಲನೆಯದು, ಕರೆಂಟ್ ತೆಗೆಯೋದು, ನೀರು ನಿಲ್ಲಿಸೋದು, ಹೊರಗಿನಿಂದ ಬೀಗ ಹಾಕೋದು ದಯವಿಟ್ಟು ಬೇಡ. ನಿಮ್ಮ ಮನೆಯಲ್ಲಿ ಆವತ್ತು ಒಳಗೆ ಇದ್ದದ್ದು ಒಬ್ಬರು ಅಜ್ಜಿ. ಅವರು ಒಳಗಿರುವಾಗ ಬೀಗ ಬಿದ್ದರೆ ಅದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್. ನೀವು ದೂರು ಕೊಡುವ ಜಾಗದಲ್ಲಿ ಅವರು ನಿಮ್ಮ ಮೇಲೆ ದೂರು ಕೊಡುತ್ತಾರೆ. ಲಗೇಜನ್ನೂ ನೀವಾಗಿ ಮುಟ್ಟಬೇಡಿ. ಮದುವೆಗೆ ಬಂದವರ ಸೂಟ್‌ಕೇಸಿನಲ್ಲಿ ಬಂಗಾರ ಇರುತ್ತದೆ. ಆಮೇಲೆ ಒಂದು ಉಂಗುರ ಕಾಣುತ್ತಿಲ್ಲ ಅಂದರೆ ಯಾರು ಜವಾಬ್ದಾರಿ? ಅವರು ಫೋನಿನಲ್ಲಿ ಒಪ್ಪಿದ ಮೇಲೆ, ಅವರ ಕಡೆಯವರೇ ಒಬ್ಬರು ಎದುರಿಗೆ ನಿಂತಿರುವಾಗ ಸಾಗಿಸಿ.

ಎರಡನೆಯದು. ಒಂದೆರಡು ದಿನಕ್ಕೆ ಬಂದವರು ಬಾಡಿಗೆದಾರರಲ್ಲ. ಮನೆ ನಿಮ್ಮ ಸ್ವಾಧೀನದಲ್ಲೇ ಇರುತ್ತದೆ, ಅವರಿಗಿರೋದು ಅಷ್ಟು ಹೊತ್ತು ಇರಲು ಅನುಮತಿ. 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಹೇಳುವ ಲೈಸೆನ್ಸ್ ಇದು. ಅದೇ ಕಾಯ್ದೆಯ 63ನೇ ಸೆಕ್ಷನ್, ಅನುಮತಿ ವಾಪಸ್ ತೆಗೆದುಕೊಂಡಾಗ ಹೊರಡಲು ಮತ್ತು ಸಾಮಾನು ತೆಗೆಯಲು ಸಾಕಷ್ಟು ಸಮಯ ಕೊಡಬೇಕು ಅನ್ನುತ್ತದೆ. ಹಾಗಾಗಿ ಗಂಟೆ ಹೊಡೆದ ಕೂಡಲೇ ಕೈ ಹಿಡಿದು ಎಳೆಯುವ ಹಕ್ಕು ನಿಮಗಿಲ್ಲ. ಸಂಜೆವರೆಗೆ ಕೂರುವ ಹಕ್ಕು ಅವರಿಗೂ ಇಲ್ಲ.

ಮೂರನೆಯದು, ದುಡ್ಡು. ಕೇಳಬಹುದು, ಆದರೆ ಬುಕಿಂಗ್ ಆಗುವ ಮುಂಚೆಯೇ ಬರೆದು ತಿಳಿಸಿರಬೇಕು. ಏರ್‌ಬಿಎನ್‌ಬಿ ಷರತ್ತುಗಳಲ್ಲೇ ಚೆಕ್‌ಔಟ್ ಮೀರಿ ಉಳಿದವರನ್ನು ಕಾನೂನಿನ ಪ್ರಕಾರ ಹೊರಡಿಸುವ ಮತ್ತು ನ್ಯಾಯವಾದ ದಂಡ ಕೇಳುವ ಹಕ್ಕು ಮನೆಯವರಿಗಿದೆ ಅಂತ ಇದೆ. ಚೆಕ್‌ಔಟ್ ಆದ ಮೇಲೆ ತಡ ಮಾಡದೆ ಅವರ ರೆಸಲ್ಯೂಷನ್ ಸೆಂಟರ್‌ನಲ್ಲಿ, ಅಂದರೆ ಆ್ಯಪ್‌ನಲ್ಲಿ ಇಂಥ ದುಡ್ಡಿನ ಕೋರಿಕೆ ಹಾಕುವ ವಿಭಾಗದಲ್ಲಿ, ಕೇಳಬೇಕು. ಮಾತುಕತೆ ಆ್ಯಪ್‌ನ ಮೆಸೇಜಿನಲ್ಲೇ ನಡೆದಿರಲಿ. ಬರೀ ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ. "ಇನ್ನೊಂದು ದಿನ ಇರ್ತೀವಿ, ಕ್ಯಾಶ್ ಕೊಡ್ತೀವಿ" ಅಂದರೂ ಆ್ಯಪ್‌ನಲ್ಲೇ ಬುಕಿಂಗ್ ಮುಂದುವರಿಸಿ ಅನ್ನಿ.

ಯಾರಾದರೂ ಕುಡಿದು ಗಲಾಟೆ ಮಾಡಿ ಹೋಗಲ್ಲ ಅಂದರೆ ಒಬ್ಬರೇ ಮೇಲೆ ಹತ್ತಿ ವಾದಕ್ಕೆ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿ. ಬಂದವರ ಐಡಿ ಕಾಪಿ, ಬುಕಿಂಗ್ ವಿವರ ನಿಮ್ಮ ಹತ್ತಿರ ಇರಲಿ, ಪೊಲೀಸರು ಮೊದಲು ಕೇಳೋದೇ ಅದು.

ಹರಿಹರದವ

ನಾನು ಮನೆ ಬಾಡಿಗೆಗೆ ಕೊಡುವವನಲ್ಲ, ಉಳಿದುಕೊಳ್ಳುವವರ ಕಡೆಯಿಂದ ಹೇಳುತ್ತೇನೆ. ನಮ್ಮ ತಂದೆ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾಗ ದೂರದಿಂದ ಬಂದ ಅಕ್ಕ ಭಾವನಿಗೆ ಅಂತ ಇಂಥದ್ದೇ ಒಂದು ಮನೆ ಹಿಡಿದಿದ್ದೆವು. ಡಾಕ್ಟರು ಬೆಳಿಗ್ಗೆ ರೌಂಡ್ಸ್‌ಗೆ ಬಂದು ಇವತ್ತು ಡಿಸ್ಚಾರ್ಜ್ ಅಂದರು. ಅಲ್ಲಿಂದ ಬಿಲ್ ತಯಾರಾಗಿ, ಇನ್ಶೂರೆನ್ಸಿನವರು ಒಪ್ಪಿಗೆ ಕೊಟ್ಟು, ಹೊರಗೆ ಬರುವಾಗ ಕತ್ತಲಾಗಿತ್ತು. ಆಸ್ಪತ್ರೆಯಿಂದ ಕೋರಿಕೆ ಹೋದ ಮೂರು ತಾಸಿನೊಳಗೆ ಇನ್ಶೂರೆನ್ಸಿನವರು ಒಪ್ಪಿಗೆ ಕೊಡಬೇಕು ಅಂತ 2024ರಲ್ಲೇ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೇಳಿದೆ. ಆದರೆ ಆ ಕೋರಿಕೆ ಹೋಗೋದೇ ಮಧ್ಯಾಹ್ನ ಆದರೆ ಏನು ಮಾಡೋದು?

ಆ ಮನೆಯವರು 11ಕ್ಕೆ ಸರಿಯಾಗಿ ಬಂದು ನಿಂತರು. ಆಪರೇಷನ್ ಆದ ತಂದೆಯನ್ನು ಕರೆದುಕೊಂಡು ಬಂದು ಒಂದು ತಾಸು ಮಲಗಿಸಿ ಆಮೇಲೆ ಊರಿಗೆ ಹೊರಡೋಣ ಅಂದುಕೊಂಡಿದ್ದೆವು. ಕೈ ಮುಗಿದು ಕೇಳಿದರೂ ಆಗಲ್ಲ ಅಂದರು. ಅರ್ಧ ದಿನದ ದುಡ್ಡು ಕೊಡೋಕೆ ನಾವು ತಯಾರಿದ್ದೆವು. ಆದರೆ ಹಾಗೆ ಕೊಡುವ ಪದ್ಧತಿಯೇ ಅವರಲ್ಲಿ ಇರಲಿಲ್ಲ. ದಾವಣಗೆರೆಗೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳ ಜೊತೆ ಎಷ್ಟೋ ಜನ ಬರುತ್ತಾರೆ. ಮೇಡಂ, ನೀವು ನಿಯಮ ಮಾಡುವಾಗ ಅಂಥವರನ್ನು ಮದುವೆಯವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಯಾಕೆ ಬಂದಿದ್ದಾರೆ ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ, ಅಷ್ಟು ಸಾಕು.

ಎಂಸಿಸಿ ಬಿ ಬ್ಲಾಕ್

ಹರಿಹರದವರ ಮಾತು ಒಪ್ಪುತ್ತೇನೆ. ಆದರೂ ದುಡ್ಡಿನ ವಿಷಯದಲ್ಲಿ ನಾನು ಗಟ್ಟಿ. ತಡವಾದರೆ ನಷ್ಟ ಆಗೋದು ಮನೆಯವರಿಗೆ ಮಾತ್ರ ಅಲ್ಲ. ಮೆಟ್ಟಿಲ ಮೇಲೆ ಕಾದು ಎದ್ದು ಹೋದ ಆ ಅಕ್ಕನಿಗೆ ಆವತ್ತಿನ ಕೂಲಿ ಸಿಕ್ಕಿತಾ? ಅದನ್ನು ಯಾರೂ ಕೇಳಲಿಲ್ಲ. ನಮ್ಮಲ್ಲಿ ಚೆಕ್‌ಔಟ್ ಮೀರಿದ ಪ್ರತಿ ತಾಸಿಗೆ ಇಷ್ಟು ಅಂತ ಬಾಗಿಲ ಹಿಂದೆಯೇ ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ. ಆ ದುಡ್ಡಲ್ಲಿ ಅರ್ಧ ಕ್ಲೀನಿಂಗಿಗೆ ಬರುವವರಿಗೆ ಹೋಗುತ್ತದೆ, ಅದನ್ನೂ ಬರೆದಿದ್ದೇವೆ. ಹಾಗೆ ಬರೆದ ಮೇಲೆ ಯಾರೂ ಚೌಕಾಸಿ ಮಾಡಿಲ್ಲ.

ಗುರುತಿನವರ ಕಡೆಯಿಂದ ಬಂದವರಿಗೆ ಡಿಪಾಸಿಟ್ ಇಲ್ಲದೆ ಕೀ ಕೊಡಬೇಡಿ. ಕೊಡುವ ಮುಂಚೆ ಹೇಳೋದಕ್ಕೆ ಸಂಕೋಚ ಇರಲ್ಲ. ಕೊಟ್ಟ ಮೇಲೆ ಕೇಳೋದಕ್ಕೆ ಎಲ್ಲಾ ದಾಕ್ಷಿಣ್ಯ ಅಡ್ಡ ಬರುತ್ತದೆ. ಹೊರಡುವಾಗ ಅವರೆದುರಿಗೇ ಲೆಕ್ಕ ಹಾಕಿ ಉಳಿದದ್ದು ವಾಪಸ್ ಕೊಡಿ.

ಮತ್ತೆ, ಮದುವೆ ಜೋರಾಗಿರುವ ದಿನಗಳಲ್ಲಿ ಅದೇ ದಿನ ಇನ್ನೊಂದು ಬುಕಿಂಗ್ ಯಾಕೆ ತಗೊಳ್ತೀರಿ? ಆ್ಯಪ್‌ನಲ್ಲಿ ಪ್ರಿಪರೇಷನ್ ಟೈಮ್ ಅಂತ ಇದೆ, ಒಂದು ರಾತ್ರಿ ಅಂತ ಹಾಕಿದರೆ ಪ್ರತಿ ಬುಕಿಂಗಿನ ಹಿಂದೆ ಮುಂದೆ ಒಂದೊಂದು ರಾತ್ರಿ ತಾನಾಗಿ ಬ್ಲಾಕ್ ಆಗುತ್ತದೆ. ಒಂದು ರಾತ್ರಿಯ ಬಾಡಿಗೆ ಹೋಗುತ್ತದೆ, ನಿಜ. ಅದನ್ನು ಮದುವೆಯವರ ರೇಟಿನಲ್ಲೇ ಸ್ವಲ್ಪ ಸೇರಿಸಿ, ಸಂಜೆ 4ರವರೆಗೆ ಮನೆ ನಿಮ್ಮದೇ ಅಂತ ಹೇಳಿ ಕೊಡಿ. ಅವರಿಗೂ ಅದೇ ಬೇಕಾಗಿರೋದು. ಆಷಾಢ ಬಂದಾಗ ಮದುವೆ ಇರಲ್ಲ, ಆಗ ಆ ಬ್ಲಾಕ್ ತೆಗೆದುಬಿಡಿ.

ವಿದ್ಯಾನಗರ ಮೇಲ್ಮನೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರೆಂಟ್ ತೆಗೆಯುವ ಮಾತು ನಮ್ಮ ಯಜಮಾನರು ಕೈಬಿಟ್ಟರು, ಕೋರ್ಟ್ ರಸ್ತೆಯವರು ಬರೆದದ್ದನ್ನು ಅವರಿಗೇ ಓದಿಸಿದೆ. ಕ್ಲೀನಿಂಗ್ ಅಕ್ಕನಿಗೆ ಆವತ್ತಿನ ದುಡ್ಡು ಕೊಟ್ಟಿದ್ದೇನೆ. ಆದರೆ ಕಾದದ್ದಕ್ಕೆ ಅಂತ ಬೇರೆ ಕೊಡುವ ಕ್ರಮ ಇರಲಿಲ್ಲ, ಇನ್ನು ಮುಂದೆ ಇರುತ್ತದೆ. ಬರುವ ವಾರ ಇನ್ನೊಂದು ಮದುವೆಯವರಿದ್ದಾರೆ, ಅವರಿಗೆ ಹೀಗೆ ಮೆಸೇಜ್ ಕಳಿಸೋಣ ಅಂತಿದ್ದೇನೆ, ಸರಿ ಇದೆಯಾ ನೋಡಿ:

"ನಮಸ್ಕಾರ. ಚೆಕ್‌ಔಟ್ ಬೆಳಿಗ್ಗೆ 11 ಗಂಟೆಗೆ. ನಿಮ್ಮ ಮುಹೂರ್ತ ಎಷ್ಟು ಹೊತ್ತಿಗೆ ಅಂತ ತಿಳಿಸಿ. ತಡವಾಗುವ ಹಾಗಿದ್ದರೆ ಲಗೇಜನ್ನು ಕೆಳಗಿನ ರೂಮಿನಲ್ಲಿಟ್ಟು ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಸಂಜೆ 4ರವರೆಗೆ ಮನೆ ಬೇಕಿದ್ದರೆ ಅರ್ಧ ದಿನದ ಬಾಡಿಗೆ ಆಗುತ್ತದೆ, ಎರಡು ದಿನ ಮುಂಚೆ ಹೇಳಿ. ಆಸ್ಪತ್ರೆ ಕೆಲಸಕ್ಕೆ ಬಂದವರು ದಯವಿಟ್ಟು ನಮಗೆ ಫೋನ್ ಮಾಡಿ."

ದುರ್ಗದ ಕೋಟೆ ಬೀದಿ

ಚೆನ್ನಾಗಿದೆ ಅಕ್ಕ. ಎರಡು ತಿದ್ದುಪಡಿ. ಆಸ್ಪತ್ರೆಯ ಸಾಲು ಮದುವೆಯವರ ಮೆಸೇಜಿನಲ್ಲಿ ಬೇಡ, ಅದನ್ನು ನಿಮ್ಮ ಲಿಸ್ಟಿಂಗ್‌ನಲ್ಲೇ ಹಾಕಿ, ಬುಕ್ ಮಾಡುವ ಮುಂಚೆ ಕಾಣಲಿ. ಇನ್ನೊಂದು, ಲಗೇಜ್ ರೂಮಿನ ಕೀ ಯಾರ ಹತ್ತಿರ ಇರುತ್ತದೆ ಅಂತ ಬರೆಯಿರಿ. ಒಡವೆ, ಲ್ಯಾಪ್‌ಟಾಪ್ ಅಲ್ಲಿ ಇಡಬೇಡಿ, ಜೊತೆಗೇ ಒಯ್ಯಿರಿ ಅಂತಲೂ ಸೇರಿಸಿ. ಮತ್ತೆ ಅಜ್ಜಿ ತಾತ ಇದ್ದರೆ ಲಗೇಜ್ ರೂಮಿನ ಹತ್ತಿರ ಎರಡು ಕುರ್ಚಿ, ಒಂದು ಫ್ಯಾನ್ ಇರಲಿ. ಛತ್ರದಿಂದ ಕಾರು ಬರುವವರೆಗೆ ಅವರು ಕೂರೋಕೆ ಜಾಗ ಬೇಕಲ್ವಾ.