ಕಡಕ್ ರೊಟ್ಟಿ ಜೊತೆ ಶೇಂಗಾ ಹೋಳಿಗೆಯೂ ಶುರು ಮಾಡಲಾ, ಬೇಡವಾ?

ರೊಟ್ಟಿಮನೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್ಡಿನಲ್ಲಿ ಆರು ವರ್ಷದಿಂದ ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದೇನೆ. ಜೋಳದ್ದು, ಎಳ್ಳು ಹಚ್ಚಿದ ಸಜ್ಜೆಯದ್ದು, ಎರಡೇ. ನಾಲ್ಕು ಒಲೆ, ನಾಲ್ಕು ಹಂಚು, ನಾಲ್ಕು ಜನ ಹೆಣ್ಮಕ್ಕಳು. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೊಂದಕ್ಕೆ ಏಳುತ್ತಾರೆ. ಅಷ್ಟರಲ್ಲಿ 600 ರೊಟ್ಟಿ ಆಗಿರುತ್ತದೆ. ಹುಬ್ಬಳ್ಳಿಯ ಒಂದು ಅಂಗಡಿ, ಇಲ್ಲಿಯ ಎರಡು ಅಂಗಡಿ, ಪುಣೆಯಲ್ಲಿರುವ ನಮ್ಮ ಕಡೆಯ ಒಂದಷ್ಟು ಮನೆಯವರು, ಇಷ್ಟೇ ನಮ್ಮ ಗಿರಾಕಿಗಳು.

ಈಗ ಹುಬ್ಬಳ್ಳಿ ಅಂಗಡಿಯವರು ಬೆನ್ನು ಹತ್ತಿದ್ದಾರೆ. "ಅಕ್ಕಾರ, ವಾರಕ್ಕೆ ನೂರು ಶೇಂಗಾ ಹೋಳಿಗಿ ಕೊಡ್ರಿ, ಜನ ಕೇಳ್ತಾರ." ಒಂದಕ್ಕೆ 25 ರೂಪಾಯಿ ಕೊಡುತ್ತಾರಂತೆ. ಉಳಿದರೆ ನಾವೇ ವಾಪಸ್ ತಗೋಬೇಕು.

ನನ್ನ ಲೆಕ್ಕ ಹೀಗಿದೆ. ಒಂದು ರೊಟ್ಟಿಗೆ ಅಂಗಡಿಯವರು ಕೊಡೋದು 7 ರೂಪಾಯಿ. ಹಿಟ್ಟಿಗೆ 2.50, ಬಡಿಯುವ ಕೂಲಿ 2, ಗ್ಯಾಸ್ ಮತ್ತು ಕವರಿಗೆ 80 ಪೈಸೆ. ಉಳಿಯೋದು 1.70. ಹೋಳಿಗೆಗೆ ಶೇಂಗಾ, ಬೆಲ್ಲ, ಹಿಟ್ಟು, ಎಣ್ಣೆ ಸೇರಿ 11, ಕೂಲಿ 4, ಗ್ಯಾಸ್-ಕವರ್ 1.50. ಉಳಿಯೋದು 8.50. ಅಂದರೆ ಐದು ಪಟ್ಟು. ನಮ್ಮ ಯಜಮಾನರು "ಇದರಾಗ ವಿಚಾರ ಮಾಡೂದೇನೈತಿ?" ಅಂತಾರೆ.

ಆದರೆ ನನಗೆ ಒಂದು ಅಳುಕು. ಹೋದ ವರ್ಷ ಹೋಳಿ ಹುಣ್ಣಿಮೆಗೆ ಬೀಗರ ಮನೆಗೆ ಅಂತ 60 ಹೋಳಿಗೆ ಇದೇ ಹಂಚಿನ ಮೇಲೆ ಮಾಡಿದ್ದೆ. ಹೂರಣ ಒಡೆದು ಬೆಲ್ಲ ಹಂಚಿಗೆ ಹತ್ತಿ ಕರಿ ಆಯ್ತು. ಕೆರೆದು, ತೊಳೆದು, ಬೂದಿ ಹಾಕಿ ತಿಕ್ಕಿದೆವು. ಮರುದಿನ ಅದರ ಮೇಲೇ ರೊಟ್ಟಿ. ನೋಡೋಕೆ ಏನೂ ಗೊತ್ತಾಗಲಿಲ್ಲ. ಎರಡು ವಾರ ಆದ ಮೇಲೆ ಪುಣೆಯಿಂದ ಫೋನ್ ಬಂತು, ರೊಟ್ಟಿ ಕಮಟು ವಾಸನೆ ಬರ್ತಿದೆ ಅಂತ. ಎಣ್ಣೆಯ ಪಸೆ ಎಲ್ಲೋ ಉಳಿದಿತ್ತು. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರೋದೇ ಅದರಲ್ಲಿ ಎಣ್ಣೆ, ನೀರು ಇಲ್ಲದ್ದಕ್ಕೆ. ಆ ಬ್ಯಾಚಿನ ದುಡ್ಡು ವಾಪಸ್ ಕೊಟ್ಟೆ.

ಅನುಭವ ಇದ್ದವರು ಹೇಳಿ. ಶುರು ಮಾಡಲಾ?

ಬೇಕರಿಯವನು, ಹಾಸನ

ಮಾಡಿ ಅಕ್ಕಾ. ಗಿರಾಕಿ ತಾನಾಗಿ ಕೇಳೋದು ಎಲ್ಲರಿಗೂ ಸಿಗಲ್ಲ. ಹೋಳಿಗೆಗೆ ಬೇರೆ ಹಂಚು ತಗೊಳ್ಳಿ, ಅಲ್ಲಿಗೆ ಮುಗೀತು. ನಮ್ಮಲ್ಲೂ ಮೊದಲು ಬ್ರೆಡ್, ಬನ್ ಮಾತ್ರ ಇತ್ತು. ಈಗ ದುಡ್ಡು ಬರೋದು ಕೇಕಿನಿಂದ. ಒಂದೇ ಮಾತು, ವಾಪಸ್ ಅಂದರೆ ಹುಷಾರು. ನಾನು ಶುರುವಿನಲ್ಲಿ ಆ ಕರಾರಿಗೆ ಒಪ್ಪಿ ದಿಲ್‌ಪಸಂದ್ ಕೊಟ್ಟು, ವಾರಪೂರ್ತಿ ಮನೆಯವರಿಗೆಲ್ಲ ಅದನ್ನೇ ತಿನ್ನಿಸಿದ್ದೇನೆ.

ಹಪ್ಪಳದತ್ತೆ, ಸಾಗರ

ತಂಗಿ, ನಿನ್ನ ಲೆಕ್ಕದಲ್ಲಿ ಕೂಲಿ ಕಡೆ ಒಂದು ಸಲ ನೋಡು.

ನೂರು ಹೋಳಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಶೇಂಗಾ ಹುರಿಯಬೇಕು, ಸಿಪ್ಪೆ ತಿಕ್ಕಿ ಕೇರಬೇಕು, ಪುಡಿ ಮಾಡಿ ಬೆಲ್ಲ ಕೂಡಿಸಬೇಕು, ಕಣಕ ನಾದಬೇಕು. ಒಬ್ಬರಿಗೆ ಮೂರು ಗಂಟೆ ಅಂತಿಟ್ಟುಕೊ. ಆಮೇಲೆ ಲಟ್ಟಿಸಿ ಬೇಯಿಸೋಕೆ ಗಂಟೆಗೆ 12 ಆದರೆ ಎಂಟು ಗಂಟೆ ಮೇಲೇ ಆಯ್ತು. ಒಟ್ಟು 11 ಗಂಟೆ. ನೀನು ಕೊಡೋದು 400 ರೂಪಾಯಿ, ಗಂಟೆಗೆ 36 ಬಿತ್ತು. ರೊಟ್ಟಿಯಲ್ಲಿ ಅದೇ ಹೆಂಗಸು ಗಂಟೆಗೆ 30 ಬಡಿದು 60 ದುಡಿಯುತ್ತಾಳೆ. ಅವಳು ನಿನ್ನ ಹೋಳಿಗೆಗೆ ಯಾಕೆ ಕೂರುತ್ತಾಳೆ?

ಅದೇ 60ರ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಒಂದು ಹೋಳಿಗೆಗೆ 6.60 ಆಗುತ್ತದೆ. ನಿನಗೆ ಉಳಿಯೋದು 5.90. ನೂರಕ್ಕೆ 590. ಅದನ್ನು 11 ಗಂಟೆಗೆ ಹಂಚಿದರೆ ಗಂಟೆಗೆ 54. ರೊಟ್ಟಿಯಲ್ಲಿ ನಿನಗೆ ಗಂಟೆಗೆ 51 ಸಿಗುತ್ತಲೇ ಇದೆ! ಇದು ನೂರಕ್ಕೆ ನೂರೂ ಖರ್ಚಾದರೆ. ಹತ್ತು ವಾಪಸ್ ಬಂದರೆ 250 ಹೋಯ್ತು, ಗಂಟೆಗೆ 31ಕ್ಕೆ ಇಳಿಯಿತು. ಐದು ಪಟ್ಟು ಲಾಭ ಎಲ್ಲಿಗೆ ಹೋಯ್ತು ನೋಡು.

ನಾನೂ ಹೀಗೇ ಒಮ್ಮೆ ಬಿದ್ದವಳು. ನನ್ನದು ಹಲಸಿನ ಹಪ್ಪಳ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಅಂತ ಎಲ್ಲರೂ ಹುರಿದುಂಬಿಸಿದರು. ಮಿಡಿ ಉಪ್ಪಿನಲ್ಲಿ ನೆನೆದು ಸುಕ್ಕುಗಟ್ಟಿ ಖಾರ ಕಲಸುವ ಹೊತ್ತಿಗೆ ಹಲಸಿನಕಾಯಿ ಬಲಿತು ಕೂತಿತ್ತು. ಎರಡಕ್ಕೂ ಅದೇ ನಾಲ್ಕು ಕೈ, ಅದೇ ಅಂಗಳ. ಅಷ್ಟರಲ್ಲಿ ಮಳೆ ಬಂತು. ಆ ವರ್ಷ ಹಪ್ಪಳ ಅರ್ಧಕ್ಕೇ ನಿಂತಿತು.

ಅದಕ್ಕೇ ಕೇಳ್ತೇನೆ, ಹೋಳಿಗೆ ಜಾಸ್ತಿ ಬೇಕಾಗೋದು ಯಾವಾಗ? ಆಗ ನಿನ್ನ ಹಂಚು ಖಾಲಿ ಇರುತ್ತದಾ?

ರೊಟ್ಟಿಮನೆ, ಧಾರವಾಡ

ಅತ್ತೆ, ಕೂಲಿಯ ಮಾತು ಓದಿ ನಾಚಿಕೆ ಆಯ್ತು. 4 ರೂಪಾಯಿ ಅಂತ ಸುಮ್ನೆ ಬರೆದುಕೊಂಡಿದ್ದೆ, ಅವರನ್ನು ಕೇಳಿಯೇ ಇರಲಿಲ್ಲ. ಇವತ್ತು ಕೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಕೈ ಮೇಲಿನ ಹಿಟ್ಟು ಒರೆಸುತ್ತಾ "ಹಂಗಾರ ನೀವ ಮಾಡ್ರಿ ಬಾಯಾರ" ಅಂದು ನಕ್ಕರು.

ಇನ್ನು ಸೀಸನ್. ನಮ್ಮ ಕಡೆ ಶೇಂಗಾ ಹೋಳಿಗೆಗೆ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ), ಸಂಕ್ರಾಂತಿಯಲ್ಲಿ ಬೇಡಿಕೆ ಜಾಸ್ತಿ. ಸಜ್ಜೆ ರೊಟ್ಟಿಗೂ ಅವೇ ದಿನ! ಆಗ 600 ಸಾಲದೆ ನಾನೇ ಒಂದು ಹಂಚಿನ ಮುಂದೆ ಕೂರುತ್ತೇನೆ. ಆದರೆ ಮಳೆಗಾಲದಲ್ಲಿ ಉಲ್ಟಾ. ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ ಅಂತ ದಿನಕ್ಕೆ 400ಕ್ಕೆ ಇಳಿಸುತ್ತೇನೆ. ಹೆಣ್ಮಕ್ಕಳು ಒಂಬತ್ತೂವರೆಗೇ ಮನೆಗೆ ಹೋಗುತ್ತಾರೆ, ಕೂಲಿಯೂ ಕಡಿಮೆ. ಶ್ರಾವಣದಲ್ಲಿ ಹಬ್ಬಗಳೂ ಇರುತ್ತವೆ, ಹೋಳಿಗೆ ಆಗ ಮಾಡಬಹುದು. ಇದು ನನಗೆ ಹೊಳೆದೇ ಇರಲಿಲ್ಲ.

ಲೆಕ್ಕದವನು, ದಾವಣಗೆರೆ

ಒಂದು ಸಣ್ಣ ವಿಷಯ ಮೇಡಂ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿ ಇಲ್ಲ. ಸಿಹಿತಿಂಡಿಗೆ ಶೇ 5 ಇದೆ. ರಾಜ್ಯದ ಒಳಗೆ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷದ ತನಕ ನೋಂದಣಿ ಬೇಡ. ಆದರೆ ತೆರಿಗೆ ಬೀಳುವ ಸರಕು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕಿಲ್ಲ. ಹಾಗಾಗಿ ಪುಣೆಯ ಡಬ್ಬಿಗೆ ಹೋಳಿಗೆ ಸೇರಿಸುವ ಮುಂಚೆ ನಿಮ್ಮ ಲೆಕ್ಕಪತ್ರ ನೋಡುವವರನ್ನು ಕೇಳಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಎಷ್ಟೋ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಿದ್ದು ನೆನಪಿದೆ ಅಲ್ವಾ? ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯಲ್ಲಿ ಸಿಹಿ ಪದಾರ್ಥ ಸೇರಿದೆಯಾ, ಅದನ್ನೂ ನೋಡಿಕೊಳ್ಳಿ.

ರೊಟ್ಟಿಮನೆ, ಧಾರವಾಡ

ಶ್ರಾವಣ ಮುಗಿಯಿತು, ಏನಾಯ್ತು ಅಂತ ಹೇಳಿಬಿಡ್ತೇನೆ.

ಹುಬ್ಬಳ್ಳಿಯವರಿಗೆ 30 ರೂಪಾಯಿ, ವಾಪಸ್ ಇಲ್ಲ ಅಂದೆ. "ನೋಡೂಣಂತ ಬಿಡ್ರಿ" ಅಂದರು. ಆಮೇಲೆ ಆ ಮಾತೇ ಎತ್ತಲಿಲ್ಲ. ರೊಟ್ಟಿ ಮಾತ್ರ ಮೊದಲಿನ ಹಾಗೇ ತಗೊಳ್ತಿದ್ದಾರೆ.

ನಾನೇ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ: ಹೋಳಿಗೆ 35 ರೂಪಾಯಿ, ಗುರುವಾರದ ಒಳಗೆ ಹೇಳಿ ದುಡ್ಡು ಹಾಕಬೇಕು, ಶನಿವಾರ ಮನೆಗೇ ಬಂದು ಒಯ್ಯಬೇಕು. ಪುಣೆಗೆ ಕಳಿಸಲ್ಲ. ಮೊದಲ ವಾರ ಬಂದದ್ದು 44. ಬೇಜಾರಾಯ್ತು, ಸುಳ್ಳು ಹೇಳಲ್ಲ. ಎರಡನೇ ವಾರ 90. ಮೂರನೇ ವಾರ 130 ಕೇಳಿದರು, ನೂರಕ್ಕೇ ನಿಲ್ಲಿಸಿದೆ. ಒಂದೂ ಉಳಿಯಲಿಲ್ಲ. ಕೂಲಿ ಒಂದಕ್ಕೆ 7 ರೂಪಾಯಿ ಅಂತ ಅವರೇ ಹೇಳಿದರು, ಒಪ್ಪಿದೆ. ರೊಟ್ಟಿ ಕೆಲಸ ಮುಗಿದ ಮೇಲೆ ಇಬ್ಬರು ಕೂರುತ್ತಾರೆ.

ಹೊಸ ಹಂಚು ಎರಡು ತಂದಿದ್ದೇನೆ. ರೊಟ್ಟಿ ಹಂಚಿನ ಜೊತೆ ಬೆರೆಯಬಾರದು ಅಂತ ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿ, ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ತೂಗು ಹಾಕಿದ್ದೇವೆ. ಎಳ್ಳಮಾಸಿಗೆ ಹೋಳಿಗೆ ಬೇಕು ಅಂತ ಈಗಲೇ ಇಬ್ಬರು ಕೇಳಿದರು. ಆಗ ರೊಟ್ಟಿ ಮಾತ್ರ ಅಂದಿದ್ದೇನೆ.